ನಮ್ಮ ಬೀದಿಯ ಡಾಕ್ಟರ್ ಹತ್ತಿರವೂ ಇಎಸ್‌ಐ ಕಾರ್ಡ್ ನಡೆಯಲಿ

ಮಾನ್ಯ ಕಾರ್ಮಿಕ ಸಚಿವರಿಗೆ, ಆರೋಗ್ಯ ಸಚಿವರಿಗೆ ಮತ್ತು ಇಎಸ್‌ಐ ನಿಗಮದ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಟೈಲರ್. ನಾನು ಕೇಳುವುದು ಒಂದೇ. ನಾವು ಇರುವ ಬೀದಿಯಲ್ಲಿ, ನಾವು ಕೆಲಸ ಮುಗಿಸಿ ಬರುವ ಹೊತ್ತಿನಲ್ಲಿ ಬಾಗಿಲು ತೆಗೆದಿರುವ ಒಬ್ಬ ಡಾಕ್ಟರ್ ಹತ್ತಿರ ನಮ್ಮ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ನಡೆಯುವಂತೆ ಮಾಡಿಕೊಡಿ. ಇನ್ನೊಂದು ದೊಡ್ಡ ಆಸ್ಪತ್ರೆ ಕಟ್ಟಿ ಅಂತ ಕೇಳುತ್ತಿಲ್ಲ. ಹೊಸ ಯೋಜನೆ, ಹೊಸ ಕಾರ್ಡ್ ಯಾವುದೂ ಬೇಡ. ಇರುವ ಕಾರ್ಡೇ ಜ್ವರ, ಕೆಮ್ಮು, ಸೊಂಟನೋವಿಗೂ ಕೆಲಸಕ್ಕೆ ಬರಲಿ, ಅಷ್ಟೇ.

ಮೊದಲು ದುಡ್ಡಿನ ಲೆಕ್ಕ ಹೇಳುತ್ತೇನೆ. ಇದು ಧರ್ಮದ ಚಿಕಿತ್ಸೆ ಅಂತ ಸುಮಾರು ಜನ ತಿಳಿದುಕೊಂಡಿದ್ದಾರೆ. ಅಲ್ಲ. ನಮ್ಮ ಸಂಬಳದಲ್ಲಿ ನೂರಕ್ಕೆ 75 ಪೈಸೆ ಪ್ರತಿ ತಿಂಗಳು ಕಟ್ ಆಗುತ್ತದೆ. ಮಾಲೀಕರು ನೂರಕ್ಕೆ 3 ರೂಪಾಯಿ 25 ಪೈಸೆ ಸೇರಿಸುತ್ತಾರೆ. 13,000 ರೂಪಾಯಿ ಸಂಬಳದ ಒಬ್ಬ ಟೈಲರ್ ಅಂತ ಇಟ್ಟುಕೊಳ್ಳಿ. ಅವಳದು 98 ರೂಪಾಯಿ, ಮಾಲೀಕರದು 423. ಎರಡೂ ಸೇರಿ ಅವಳ ಹೆಸರಲ್ಲಿ ವರ್ಷಕ್ಕೆ 6,000 ರೂಪಾಯಿ ದಾಟುತ್ತದೆ. ಇಂಥ ಸಾವಿರ ಜನ ಇರುವ ಒಂದು ಫ್ಯಾಕ್ಟರಿಯಿಂದ ವರ್ಷಕ್ಕೆ 62 ಲಕ್ಷಕ್ಕೂ ಜಾಸ್ತಿ ಹೋಗುತ್ತದೆ. ಕಾಯಿಲೆ ಬರಲಿ ಬಿಡಲಿ, ಈ ದುಡ್ಡು ಹೋಗುತ್ತಲೇ ಇರುತ್ತದೆ. ನಾವು ಬೇಡ ಅಂದರೂ ಬಿಡುವುದಿಲ್ಲ, 21,000 ರೂಪಾಯಿಯೊಳಗಿನ ಸಂಬಳದವರಿಗೆ ಇದು ಕಡ್ಡಾಯ. ಕಡ್ಡಾಯ ಆಗಿರುವುದು ಒಳ್ಳೆಯದೇ. ಇಲ್ಲದಿದ್ದರೆ ಎಷ್ಟೋ ಮಾಲೀಕರು ಕಟ್ಟುತ್ತಲೇ ಇರಲಿಲ್ಲ.

ಇಎಸ್‌ಐ ನಮಗೆ ಏನೂ ಕೊಟ್ಟಿಲ್ಲ ಅಂತ ನಾನು ಹೇಳುವುದಿಲ್ಲ. ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಹೊಲಿಗೆ ಲೈನಿನ ಎಷ್ಟೋ ಹೆಣ್ಣುಮಕ್ಕಳಿಗೆ ಹೆರಿಗೆ ರಜದ ಸಂಬಳ ಇಎಸ್‌ಐಯಿಂದ ಬಂದಿದೆ. ಗಂಡನ ಆಪರೇಷನ್‌ಗೆ ಒಂದು ರೂಪಾಯಿ ಕಟ್ಟದೆ ಮನೆಗೆ ಬಂದವರಿದ್ದಾರೆ. ಒಂದೇ ಕಾರ್ಡಿನಲ್ಲಿ ಗಂಡ, ಮಕ್ಕಳು, ಆದಾಯವಿಲ್ಲದ ಅಪ್ಪ ಅಮ್ಮ ಎಲ್ಲರೂ ಬರುತ್ತಾರೆ. ಇಷ್ಟು ವೆಚ್ಚದವರೆಗೆ ಮಾತ್ರ ಅನ್ನುವ ಮಿತಿ ಇಲ್ಲ. ಇನ್ನೂ ಒಂದು ದೊಡ್ಡ ವಿಷಯ ಇದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ನಿಜ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರಿಗೆ. 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆಯೂ ಆಪರೇಷನ್‌ಗಳಿಗಾಗಿಯೇ ಬಂದದ್ದು. ಬೆಡ್ಡಿನ ಮೇಲೆ ಮಲಗದೆ, ಸುಮ್ನೆ ಡಾಕ್ಟರಿಗೆ ತೋರಿಸಿ ಮಾತ್ರೆ ತಗೊಂಡು ಬರುವುದನ್ನೂ ಹಕ್ಕು ಅಂತ ಒಪ್ಪಿಕೊಂಡ ವಿಮೆ ನಮ್ಮಂಥ ಫ್ಯಾಕ್ಟರಿ ಕೆಲಸದವರಿಗೆ ಇಎಸ್‌ಐ ಒಂದೇ. ಅದಕ್ಕೇ ಈ ಪತ್ರ ಬರೆಯುತ್ತಿರುವುದು. ಹಕ್ಕು ಕೈಯಲ್ಲಿದೆ, ಡಾಕ್ಟರ್ ಮಾತ್ರ ಸಿಗುತ್ತಿಲ್ಲ.

ಒಂದು ಸಾಮಾನ್ಯ ಜ್ವರಕ್ಕೆ ನಮ್ಮ ಕಡೆ ಏನಾಗುತ್ತದೆ ಅಂತ ನೋಡಿ. ಶಿಫ್ಟ್ ಬೆಳಿಗ್ಗೆ 9ಕ್ಕೆ. ಸಂಜೆ ಐದೂವರೆ, ಆರಕ್ಕೆ ಬಿಡುತ್ತಾರೆ, ಓಟಿ ಇದ್ದರೆ ಇನ್ನೂ ತಡ. ನನ್ನ ಹೆಸರಿರುವ ಡಿಸ್ಪೆನ್ಸರಿ, ಅಂದರೆ ಇಎಸ್‌ಐನ ಸಣ್ಣ ದವಾಖಾನೆ, ತೆಗೆದಿರುವುದು ಹಗಲಿನಲ್ಲಿ. ಭಾನುವಾರ ರಜ. ಅದೂ ನಮ್ಮ ಮನೆ ಹತ್ತಿರ ಇಲ್ಲ. ನಾನು ಮೊದಲು ಕೆಲಸಕ್ಕೆ ಸೇರಿದ ಫ್ಯಾಕ್ಟರಿಯವರು ಅವರ ವಿಳಾಸಕ್ಕೆ ಹತ್ತಿರ ಇರುವುದನ್ನು ಹಾಕಿಬಿಟ್ಟಿದ್ದರು. ಐಪಿ ನಂಬರ್, ಅಂದರೆ ಇಎಸ್‌ಐ ವಿಮಾದಾರರ ನಂಬರ್, ಮಾಡುವಾಗ ಮನೆ ಎಲ್ಲಿ ಅಂತ ಕೇಳಿ ಹಾಕುವವರು ಕಡಿಮೆ. ಬದಲಾಯಿಸಬಹುದು ಅಂತ ನನಗೆ ಗೊತ್ತಾಗಿದ್ದೇ ಎಷ್ಟೋ ವರ್ಷ ಆದಮೇಲೆ. ಬದಲಾಯಿಸಲು ಹೋದರೆ, ಮನೆಗೆ ಹತ್ತಿರ ಅಂತ ಸಿಕ್ಕಿದ್ದೂ ಎರಡು ಬಸ್ ಹಿಡಿಯುವಷ್ಟು ದೂರ.

ಹಾಗಾಗಿ ಡಿಸ್ಪೆನ್ಸರಿಗೆ ಹೋಗಬೇಕು ಅಂದರೆ ರಜ ಹಾಕಲೇಬೇಕು. ರಜ ಹಾಕಿದರೆ ಒಂದು ದಿನದ ಸಂಬಳ ಹೋಯಿತು. ತಿಂಗಳ ಹಾಜರಿ ಬೋನಸ್ಸೂ ಹೋಯಿತು. ಮಾರನೇ ದಿನ ಸೂಪರ್‌ವೈಸರ್ ಮುಖ ನೋಡಬೇಕು, ಟಾರ್ಗೆಟ್ ಬಿದ್ದಿರುತ್ತದೆ. ಶಕ್ತಿ ಯೋಜನೆ ಬಂದಮೇಲೆ ನಮಗೆ ಬಸ್ ಚಾರ್ಜ್ ಉಳಿದಿದೆ, ಅದು ದೊಡ್ಡ ಉಪಕಾರ. ಆದರೆ ಸಂಬಳ ಯಾರೂ ವಾಪಸ್ ಕೊಡುವುದಿಲ್ಲ. ಅಲ್ಲಿ ಹೋದರೆ ಚೀಟಿ ಮಾಡಿಸಲು ಒಂದು ಕ್ಯೂ, ಡಾಕ್ಟರಿಗೆ ಒಂದು ಕ್ಯೂ, ಮಾತ್ರೆಗೆ ಇನ್ನೊಂದು. ಒಳಗೆ ಕೂತಿರುವ ಡಾಕ್ಟರ್ ಒಬ್ಬರೇ. ಹೊರಗೆ ಕಾರಿಡಾರ್ ತುಂಬ ಜನ. ಆ ಡಾಕ್ಟರ್ ಮೇಲೆ ನನಗೆ ಕೋಪ ಇಲ್ಲ. ಅಷ್ಟು ಜನರನ್ನು ನೋಡುವಾಗ ಯಾರಿಗೆ ತಾನೇ ತಲೆ ಎತ್ತಿ ಮಾತಾಡಿಸಲು ಆಗುತ್ತದೆ? ಒಂದು ಸಲ ನನಗಿಂತ ಮುಂದೆ ಇದ್ದ ವಯಸ್ಸಾದವರೊಬ್ಬರು ಎದೆಯುರಿ ಅಂತ ಹೇಳುತ್ತಿದ್ದಾಗಲೇ ಹಿಂದಿನಿಂದ ಮೂರು ಕೈಗಳು ಚೀಟಿ ಚಾಚಿದ್ದವು. ಅವರು ಅರ್ಧಕ್ಕೇ ಮಾತು ನಿಲ್ಲಿಸಿ ಎದ್ದು ಬಂದರು.

ಹೀಗಿರುವಾಗ ನಾವೇನು ಮಾಡುತ್ತೇವೆ? ಮೊದಲ ದಿನ ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತೇವೆ. ಇಳಿಯದಿದ್ದರೆ ಸಂಜೆ ನಮ್ಮ ಬೀದಿಯ ಕ್ಲಿನಿಕ್ಕಿಗೆ. ಫೀಸು 200, ಮಾತ್ರೆ ಬೇರೆ. ಮಗುವಿಗೂ ಜ್ವರ ಅಂಟಿದ್ದರೆ ಡಬಲ್. ವಿಮೆಗೆ ದುಡ್ಡು ಕಟ್ಟಿದ ಮೇಲೂ ಕೈಯಿಂದ ಕೊಡುತ್ತೇವೆ. ನಮ್ಮ ಲೈನಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಇಎಸ್‌ಐ ಇದೆಯಾ ಅಂದರೆ ಎಲ್ಲರೂ ಇದೆ ಅನ್ನುತ್ತಾರೆ. ಕಳೆದ ಸಲ ಜ್ವರ ಬಂದಾಗ ಎಲ್ಲಿ ತೋರಿಸಿದಿರಿ ಅಂತ ಕೇಳಿ ನೋಡಿ.

ಆ ಬೀದಿಯ ಕ್ಲಿನಿಕ್ ಬಗ್ಗೆ ಸ್ವಲ್ಪ ಹೇಳಬೇಕು. ಒಂದು ಅಂಗಡಿ ಮಳಿಗೆಯಷ್ಟೇ ಜಾಗ. ಶಟರ್ ಎತ್ತಿದರೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಹಸಿರು ಪರದೆ, ಪರದೆಯ ಆಚೆ ಡಾಕ್ಟರಮ್ಮನ ಟೇಬಲ್. ಸಂಜೆ ಆರೂವರೆಯಿಂದ ರಾತ್ರಿ ಒಂಬತ್ತೂವರೆವರೆಗೆ ಇರುತ್ತಾರೆ. ಹಳೆಯ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬನ್ನಿ ಅಂತ ಎಲ್ಲರಿಗೂ ಹೇಳಿದ್ದಾರೆ. ನಾನು ಕೆಮ್ಮು ಅಂತ ಹೋದರೆ ಅವರು ಮೊದಲು ಕೇಳಿದ್ದು, "ಈಗ ಯಾವ ಸೆಕ್ಷನ್‌ನಲ್ಲಿ ಇದ್ದೀಯಮ್ಮ, ಕಟಿಂಗಾ?" ಅಂತ. ಬಟ್ಟೆಯ ಧೂಳು ಎಲ್ಲಿ ಜಾಸ್ತಿ ಅಂತ ಅವರಿಗೆ ಗೊತ್ತು. ನಮ್ಮ ಬೀದಿಯ ಹೆಣ್ಣುಮಕ್ಕಳು ಉರಿಮೂತ್ರ ಅಂತ ಹೋದರೆ, ಫ್ಯಾಕ್ಟರಿಯಲ್ಲಿ ನೀರು ಕುಡಿಯುತ್ತೀರಾ ಇಲ್ಲವಾ ಅಂತ ಕೇಳುತ್ತಾರೆ. ಟಾರ್ಗೆಟ್ ತಪ್ಪುತ್ತದೆ ಅಂತ ಟಾಯ್ಲೆಟ್ಟಿಗೆ ಏಳುವುದಿಲ್ಲ, ಏಳಬಾರದು ಅಂತ ನೀರೇ ಕುಡಿಯುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ಇದು ಮನೆಮನೆಯ ಕಾಯಿಲೆ. ಯಾರ ಮನೆಯಲ್ಲಿ ಶುಗರ್ ಇದೆ, ಯಾರ ಗಂಡ ಕುಡಿಯುತ್ತಾನೆ, ಯಾವ ಮಗುವಿಗೆ ಯಾವ ಸಿರಪ್ ಆಗಿಬರುವುದಿಲ್ಲ, ಎಲ್ಲ ಅವರ ತಲೆಯಲ್ಲಿದೆ.

ಇಎಸ್‌ಐ ಅಂತ ಒಂದು ವ್ಯವಸ್ಥೆ ಇರಬೇಕಾದದ್ದು ಇಂಥ ಡಾಕ್ಟರಿಗಾಗಿ ಅಲ್ವಾ?

ಇಎಸ್‌ಐ ಕಾರ್ಡಿನವರನ್ನು ನೋಡುವ ಖಾಸಗಿ ಡಾಕ್ಟರ್‌ಗಳ ಪಟ್ಟಿಗೆ ಪ್ಯಾನಲ್ ಅನ್ನುತ್ತಾರೆ. ಒಂದು ದಿನ ಡಾಕ್ಟರಮ್ಮನನ್ನೇ ಕೇಳಿದೆ. "ಡಾಕ್ಟ್ರೇ, ನೀವು ಇಎಸ್‌ಐ ಪ್ಯಾನಲ್‌ಗೆ ಸೇರ್ಕೊಬಾರದಾ?"

ಅವರು ನಕ್ಕರು. "ಸೇರ್ಕೊಳ್ಳೋಕೆ ನನಗೇನೂ ಬೇಜಾರಿಲ್ಲಮ್ಮ. ದುಡ್ಡು ಯಾವಾಗ ಬರುತ್ತೆ ಅಂತ ಯಾರಾದ್ರೂ ಬರೆದು ಕೊಡ್ತಾರಾ? ಈ ಮಳಿಗೆ ಬಾಡಿಗೆ ನಾನು ಐದನೇ ತಾರೀಕಿಗೆ ಕೊಡಲೇಬೇಕು. ಮತ್ತೆ ಆ ಫಾರಂ, ಈ ರಿಜಿಸ್ಟರು ಅಂತ ಬರೀತಾ ಕೂತರೆ ನಿನ್ನ ಎದೆಗೆ ಸ್ಟೆತಸ್ಕೋಪ್ ಇಡೋರು ಯಾರು?"

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅದೇನು ಬಗೆಹರಿಯದ ಕಷ್ಟವೂ ಅಲ್ಲ.

ಸಚಿವರೇ, ಪ್ಯಾನಲ್ ಡಾಕ್ಟರ್ ಅನ್ನುವುದು ನಾನು ಹೊಸದಾಗಿ ಹುಟ್ಟಿಸಿದ ಮಾತಲ್ಲ. ಈ ಯೋಜನೆ ಹುಟ್ಟಿದಾಗಿನಿಂದ ಇದೆ. 1948ರ ಇಎಸ್‌ಐ ಕಾಯ್ದೆಯ 58ನೇ ಸೆಕ್ಷನ್ ಕಾರ್ಮಿಕರಿಗೂ ಅವರ ಮನೆಯವರಿಗೂ ಚಿಕಿತ್ಸೆ ಕೊಡುವ ಜವಾಬ್ದಾರಿಯನ್ನು ರಾಜ್ಯ ಸರ್ಕಾರದ ಮೇಲೆ ಹಾಕಿತು. ಅದೇ ಸೆಕ್ಷನ್ನಿನಲ್ಲಿ, ನಿಗಮದ ಒಪ್ಪಿಗೆ ಪಡೆದು ಖಾಸಗಿ ಡಾಕ್ಟರ್‌ಗಳ ಕ್ಲಿನಿಕ್ಕಿನಲ್ಲೂ ಚಿಕಿತ್ಸೆ ಕೊಡಿಸಬಹುದು ಅಂತ ಬರೆದಿಟ್ಟರು. 1952ರ ಫೆಬ್ರವರಿ 24ರಂದು ನೆಹರೂ ಅವರು ಕಾನ್ಪುರದಲ್ಲಿ ಈ ಯೋಜನೆ ಶುರು ಮಾಡಿದರು. ಗೌರವಕ್ಕಾಗಿ ಮೊದಲ ವಿಮಾದಾರರಾಗಿ ಅವರೇ ಫಾರಂಗೆ ಸಹಿ ಹಾಕಿದರು. ಬೆಂಗಳೂರಿಗೆ ಬಂದದ್ದು 1958ರಲ್ಲಿ. ಮುಂಬೈ, ಕೋಲ್ಕತ್ತದ ಕಾರ್ಮಿಕರ ಬಡಾವಣೆಗಳಲ್ಲಿ ದಶಕಗಳ ಕಾಲ ಪ್ಯಾನಲ್ ಡಾಕ್ಟರ್‌ಗಳೇ ಇಎಸ್‌ಐಯನ್ನು ನಡೆಸಿಕೊಂಡು ಬಂದರು. ಒಬ್ಬ ಡಾಕ್ಟರ್ ಹತ್ತಿರ ಇಷ್ಟು ಕುಟುಂಬ ಅಂತ ಹೆಸರು ಬರೆಸುವುದು, ತಲೆಗೆ ಇಷ್ಟು ಅಂತ ಡಾಕ್ಟರಿಗೆ ಇಎಸ್‌ಐ ಕಡೆಯಿಂದ ಕೊಡುವುದು. ಇಂಗ್ಲೆಂಡಿನಲ್ಲಿ ಇವತ್ತಿಗೂ ಜನ ಮನೆ ಹತ್ತಿರದ ಡಾಕ್ಟರ್ ಬಳಿ ಹೆಸರು ಬರೆಸಿಕೊಳ್ಳುವುದು ಇದೇ ಥರ.

ಈಗಲೂ ಇಎಸ್‌ಐ ನೋಂದಣಿ ಮಾಡುವಾಗ ಕಂಪ್ಯೂಟರಿನಲ್ಲಿ "ಡಿಸ್ಪೆನ್ಸರಿ / ಐಎಂಪಿ" ಅಂತ ಒಂದು ಕಾಲಂ ಬರುತ್ತದೆ. ಐಎಂಪಿ ಅಂದರೆ ಇದೇ ಪ್ಯಾನಲ್ ಡಾಕ್ಟರ್. ಕಾರ್ಮಿಕರಿಗೆ ಒಂದು, ಮನೆಯವರಿಗೆ ಇನ್ನೊಂದು ಆರಿಸುವ ಅವಕಾಶವೂ ಇದೆ. ಗಂಡ ಫ್ಯಾಕ್ಟರಿ ಹತ್ತಿರ ತೋರಿಸಲಿ, ಹೆಂಡತಿ ಮಕ್ಕಳು ಮನೆ ಹತ್ತಿರ ತೋರಿಸಲಿ ಅಂತ ಯಾರೋ ಪುಣ್ಯಾತ್ಮರು ಯೋಚನೆ ಮಾಡಿಯೇ ಆ ಕಾಲಂ ಇಟ್ಟಿರಬೇಕು. ಕಾಲಂ ಇದೆ. ನಮ್ಮ ಏರಿಯಾದಲ್ಲಿ ಅದರೊಳಗೆ ತುಂಬಲು ಡಾಕ್ಟರ್ ಹೆಸರಿಲ್ಲ.

ಡಿಸ್ಪೆನ್ಸರಿಗಳನ್ನು ಇನ್ನೂ ಜಾಸ್ತಿ ಮಾಡಿದರೆ ಸಾಕಲ್ಲ ಅಂತ ನೀವು ಕೇಳಬಹುದು. ಮಾಡಿ, ಬೇಡ ಅನ್ನುವುದಿಲ್ಲ. ಖಾಲಿ ಇರುವ ಡಾಕ್ಟರ್ ಹುದ್ದೆಗಳನ್ನೂ ತುಂಬಿ. ಆದರೆ ಅದು ನಿಧಾನದ ಕೆಲಸ. ಜಾಗ ಬೇಕು, ಕಟ್ಟಡ ಬೇಕು, ಹುದ್ದೆ ಮಂಜೂರಾಗಬೇಕು, ಟೆಂಡರ್ ಆಗಬೇಕು. ಅಷ್ಟರಲ್ಲಿ ಕಾರ್ಮಿಕರು ಬೇರೆ ಕಡೆ ಹೋಗಿರುತ್ತಾರೆ. ಬಿನ್ನಿ ಮಿಲ್, ಮಿನರ್ವ ಮಿಲ್ ಇದ್ದ ಕಾಲದಲ್ಲಿ ಮಿಲ್ಲಿನ ಸುತ್ತಮುತ್ತಲೇ ಕಾರ್ಮಿಕರ ಮನೆಗಳು ಇರುತ್ತಿದ್ದವು. ಆಗ ಒಂದು ಕಟ್ಟಡ ಕಟ್ಟಿದರೆ ಎಲ್ಲರಿಗೂ ಹತ್ತಿರ ಆಗುತ್ತಿತ್ತು. ಈಗ ಹಾಗಿಲ್ಲ. ಪೀಣ್ಯ, ಬೊಮ್ಮಸಂದ್ರ, ಮೈಸೂರು ರಸ್ತೆ ಅಂತ ಫ್ಯಾಕ್ಟರಿಗಳು ಹರಡಿಕೊಂಡಿವೆ. ದೊಡ್ಡಬಳ್ಳಾಪುರ, ರಾಮನಗರ, ಮದ್ದೂರಿನವರೆಗೂ ಗಾರ್ಮೆಂಟ್ಸ್ ಹೋಗಿದೆ. ಬಾಡಿಗೆ ಎಲ್ಲಿ ಕಡಿಮೆಯೋ ಅಲ್ಲಿ ನಮ್ಮ ಮನೆ. ಬಾಡಿಗೆ ಏರಿದರೆ ಇನ್ನೂ ಆಚೆ ಹೋಗುತ್ತೇವೆ. ಸರ್ಕಾರದ ಕಟ್ಟಡ ನಮ್ಮ ಹಿಂದೆ ಬರಲು ಆಗುವುದಿಲ್ಲ. ಆದರೆ ಡಾಕ್ಟರ್‌ಗಳು ಬಂದಿದ್ದಾರೆ. ಎಲ್ಲಿ ಜನ ಇದ್ದಾರೋ ಅಲ್ಲಿ ಒಂದು ಶಟರ್ ಬಾಡಿಗೆಗೆ ಹಿಡಿದು ಬೋರ್ಡ್ ಹಾಕಿದ್ದಾರೆ.

ಅವರು ಯಾರು, ಎಲ್ಲಿದ್ದಾರೆ ಅಂತ ಹುಡುಕುವ ಕಷ್ಟವೂ ನಿಮಗಿಲ್ಲ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಪ್ರಕಾರ ರಾಜ್ಯದ ಪ್ರತಿ ಕ್ಲಿನಿಕ್ಕೂ ನೋಂದಣಿ ಆಗಲೇಬೇಕು. ಯಾವ ಬೀದಿಯಲ್ಲಿ ಯಾವ ಡಾಕ್ಟರ್, ಅವರು ಏನು ಓದಿದ್ದಾರೆ ಅನ್ನುವ ಪಟ್ಟಿ ಆರೋಗ್ಯ ಇಲಾಖೆಯ ಬಳಿಯೇ ಇದೆ. ಕಾರ್ಮಿಕರ ವಿಳಾಸದ ಪಟ್ಟಿ ಇಎಸ್‌ಐ ನಿಗಮದ ಬಳಿ ಇದೆ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೆ, ಯಾವ ಏರಿಯಾದಲ್ಲಿ ಕಾರ್ಮಿಕರು ಜಾಸ್ತಿ, ಡಿಸ್ಪೆನ್ಸರಿ ದೂರ, ಡಾಕ್ಟರ್ ಹತ್ತಿರ ಅಂತ ಗೊತ್ತಾಗುತ್ತದೆ. ಈ ಪತ್ರವನ್ನು ಇಬ್ಬರು ಸಚಿವರಿಗೂ ಸೇರಿಸಿ ಬರೆದಿರುವುದು ಅದಕ್ಕೇ. ಒಂದು ಪಟ್ಟಿ ಒಬ್ಬರ ಕಡೆ, ಇನ್ನೊಂದು ಮತ್ತೊಬ್ಬರ ಕಡೆ ಇದ್ದರೆ ನಾವು ಮಧ್ಯದಲ್ಲಿ ಹಾಗೇ ಉಳಿಯುತ್ತೇವೆ.

ದುಡ್ಡಿನ ಪ್ರಶ್ನೆ ಬರುತ್ತದೆ, ಗೊತ್ತು. ಇಎಸ್‌ಐ ಚಿಕಿತ್ಸೆಯ ಖರ್ಚಿನಲ್ಲಿ ನಿಗದಿಯಾದ ಮಿತಿಯೊಳಗೆ ಎಂಟರಲ್ಲಿ ಏಳು ಪಾಲು ನಿಗಮದ್ದು, ರಾಜ್ಯ ಸರ್ಕಾರದ್ದು ಒಂದೇ ಪಾಲು. ಅಂದರೆ ರಾಜ್ಯದ ಬೊಕ್ಕಸಕ್ಕೆ ದೊಡ್ಡ ಭಾರ ಇಲ್ಲ. ನಿಗಮದ ವಿಷಯಕ್ಕೆ ಬಂದರೆ, 2019ರ ಜುಲೈಯಲ್ಲಿ ವಂತಿಗೆಯನ್ನು ಒಟ್ಟು ಶೇ. 6.5ರಿಂದ ಶೇ. 4ಕ್ಕೆ ಇಳಿಸಿದರು. ನಮಗೆ ನೂರಕ್ಕೆ ಒಂದು ರೂಪಾಯಿ ಉಳಿಯಿತು, ಮಾಲೀಕರಿಗೆ ಒಂದೂವರೆ. ದುಡ್ಡು ಸಾಲದೆ ಇದ್ದಿದ್ದರೆ ಇಳಿಸುತ್ತಿದ್ದರಾ? ಆ ಒಂದು ರೂಪಾಯಿಗಿಂತ ಮನೆ ಹತ್ತಿರ ಒಬ್ಬ ಡಾಕ್ಟರ್ ಕೊಟ್ಟಿದ್ದರೆ ನಮಗೆ ಎಷ್ಟೋ ಉಪಕಾರ ಆಗುತ್ತಿತ್ತು.

ಇನ್ನೊಂದು ಮಾತನ್ನು ಅಧಿಕಾರಿಗಳು ಮೆಲ್ಲಗೆ ಹೇಳುತ್ತಾರೆ. ಪ್ಯಾನಲ್ ಡಾಕ್ಟರ್ ಇಟ್ಟರೆ ಸುಳ್ಳು ಸರ್ಟಿಫಿಕೇಟ್ ಕೊಡುತ್ತಾರೆ, ಕಾರ್ಮಿಕರು ಸುಮ್ನೆ ರಜ ಹಾಕುತ್ತಾರೆ ಅಂತ. ಈ ಮಾತು ನನಗೆ ತುಂಬ ನೋವು ಕೊಡುತ್ತದೆ. ಕಾಯಿಲೆ ರಜಕ್ಕೆ ಇಎಸ್‌ಐ ಕೊಡುವುದು ಸಂಬಳದ ಶೇ. 70. ಅದೂ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಏನೂ ಇಲ್ಲ. ಮೂರನೇ ದಿನದಿಂದ ಲೆಕ್ಕ. ಎರಡು ದಿನದ ಕೂಲಿ ಪೂರ್ತಿ ಬಿಟ್ಟು, ಮಿಕ್ಕ ದಿನಕ್ಕೆ ನೂರಕ್ಕೆ ಮೂವತ್ತು ಕಳೆದುಕೊಂಡು, ಹಾಜರಿ ಬೋನಸ್ ಬಿಟ್ಟು ಸುಳ್ಳು ಹೇಳಿ ಮನೆಯಲ್ಲಿ ಕೂರುವಷ್ಟು ಅನುಕೂಲ ನಮ್ಮಲ್ಲಿ ಯಾರಿಗಿದೆ? ನಿಜ ಇರುವುದು ಉಲ್ಟಾ. ಮೈ ಕೆಂಡದ ಹಾಗೆ ಸುಡುತ್ತಿದ್ದರೂ ಮಷಿನ್ ಮುಂದೆ ಕೂರುತ್ತೇವೆ. ಯಾಕೆಂದರೆ ಎರಡು ದಿನದ ಜ್ವರಕ್ಕೆ ವಿಮೆ ಏನೂ ಕೊಡುವುದಿಲ್ಲ. ಜಾಸ್ತಿ ದಿನದ ಜ್ವರ ಆದರೆ ಸರ್ಟಿಫಿಕೇಟ್ ಇಎಸ್‌ಐ ಡಾಕ್ಟರೇ ಕೊಡಬೇಕು. ನಿಲ್ಲಲು ಆಗದವಳು ಸರ್ಟಿಫಿಕೇಟಿಗಾಗಿ ಎರಡು ಬಸ್ ಹತ್ತಿ ಹೋಗಿ ಕ್ಯೂನಲ್ಲಿ ನಿಲ್ಲಬೇಕು. ಬೀದಿಯ ಡಾಕ್ಟರಮ್ಮ ಕಣ್ಣಾರೆ ನೋಡಿ ಡೆಂಗಿ ಅಂತ ಬರೆದುಕೊಟ್ಟರೂ ಆ ಚೀಟಿಯನ್ನು ಅಲ್ಲಿ ಪಕ್ಕಕ್ಕೆ ಸರಿಸುತ್ತಾರೆ.

ಸುಳ್ಳು ಸರ್ಟಿಫಿಕೇಟ್ ಕೊಡುವ ಡಾಕ್ಟರ್ ಒಬ್ಬಿಬ್ಬರು ಇರಬಹುದು. ಸಿಕ್ಕವರನ್ನು ಪ್ಯಾನಲ್‌ನಿಂದ ತೆಗೆಯಿರಿ. ಈಗ ಎಲ್ಲ ಕಂಪ್ಯೂಟರಿನಲ್ಲೇ ಇರುವಾಗ ಯಾವ ಡಾಕ್ಟರ್ ಎಷ್ಟು ಸರ್ಟಿಫಿಕೇಟ್ ಬರೆದರು ಅಂತ ನೋಡುವುದು ಕಷ್ಟವೇ? ಅದಕ್ಕಾಗಿ ಲಕ್ಷಾಂತರ ಜನರಿಗೆ ಡಾಕ್ಟರನ್ನೇ ಇಲ್ಲದಂತೆ ಮಾಡುವುದು ನ್ಯಾಯ ಅಲ್ಲ.

ಸರ್ಕಾರದ 'ನಮ್ಮ ಕ್ಲಿನಿಕ್' ಇದೆಯಲ್ಲ ಅಂತಲೂ ಹೇಳುತ್ತಾರೆ. 2022ರ ಡಿಸೆಂಬರ್‌ನಲ್ಲಿ ನಮ್ಮ ಕ್ಲಿನಿಕ್‌ಗಳು ಶುರುವಾದಾಗ ನಾವೆಲ್ಲ ಖುಷಿಪಟ್ಟೆವು. ಪುಕ್ಕಟೆ ಡಾಕ್ಟರ್, ಪುಕ್ಕಟೆ ಟೆಸ್ಟ್, ಮಾತ್ರೆ. ಮನೆಯಲ್ಲಿರುವ ಅತ್ತೆಯಂದಿರಿಗೆ, ಸಣ್ಣ ಮಕ್ಕಳಿಗೆ ಇದರಿಂದ ಒಳ್ಳೆಯದೇ ಆಗಿದೆ. ಆದರೆ ಶುರುವಾದಾಗ ಇಟ್ಟ ಹೊತ್ತು ಬೆಳಿಗ್ಗೆ 9ರಿಂದ ಸಂಜೆ ನಾಲ್ಕೂವರೆ. ನಾವು ಮಷಿನ್ ಮುಂದೆ ಇರುವ ಹೊತ್ತು ಅದೇ. ಕೆಲಸ ಮಾಡುವವರು ಇರುವ ಏರಿಯಾದಲ್ಲಿ ಸಂಜೆ ತೆಗೆಯಿರಿ, ಅಲ್ಲಿಯ ಡಾಕ್ಟರ್ ಬರೆದ ಸರ್ಟಿಫಿಕೇಟ್ ಇಎಸ್‌ಐಗೆ ನಡೆಯಲಿ ಅಂತ ಎರಡು ಇಲಾಖೆಯವರು ಕೂತು ಒಂದು ಮಾತು ಮಾಡಿಕೊಂಡರೆ, ಅದೂ ಒಂದು ದಾರಿಯೇ. ನಮಗೆ ಡಾಕ್ಟರ್ ಸರ್ಕಾರದವರಾ ಖಾಸಗಿಯವರಾ ಅನ್ನುವುದು ಮುಖ್ಯ ಅಲ್ಲ.

ಹತ್ತಿರದ ಡಾಕ್ಟರ್ ಇಲ್ಲದೆ ಏನಾಗುತ್ತದೆ ಅಂತ ನನ್ನ ಕಣ್ಣೆದುರು ನಡೆದದ್ದನ್ನು ಬರೆಯುತ್ತೇನೆ. ನಮ್ಮ ಲೈನಿನಲ್ಲಿ ಒಬ್ಬರು ಅಕ್ಕ ಇದ್ದರು, ಕಾಲರ್ ಕೂರಿಸುವುದರಲ್ಲಿ ಅವರಷ್ಟು ಕೈ ಓಡುವವರು ಇರಲಿಲ್ಲ. ಶುಗರ್ ಇದೆ ಅಂತ ಗೊತ್ತಾಗಿತ್ತು. ಡಿಸ್ಪೆನ್ಸರಿಯಲ್ಲಿ ಮಾತ್ರೆ ಕೊಡುತ್ತಿದ್ದರು, ಆದರೆ ಮುಗಿದಾಗೆಲ್ಲ ಮತ್ತೆ ಹೋಗಬೇಕು, ಹೋದಾಗೆಲ್ಲ ರಜ. ಒಂದು ಸಲ ಹೋದಾಗ ಆ ಮಾತ್ರೆ ಸ್ಟಾಕ್ ಇಲ್ಲ ಅಂದರಂತೆ. ಹೊರಗೆ ಕೊಂಡುಕೊಂಡರು. ಆಮೇಲೆ ಮಗಳ ಕಾಲೇಜು ಫೀಸ್ ಬಂತು, ಮಾತ್ರೆ ಒಂದು ದಿನ ಬಿಟ್ಟು ಒಂದು ದಿನ ಆಯಿತು. ಆಮೇಲೆ ಪೂರ್ತಿ ನಿಂತಿತು. ಪೆಡಲ್ ತುಳಿಯುವ ಕಾಲಿನ ಬೆರಳಿಗೆ ಒಂದು ಸಣ್ಣ ಗಾಯ ಆಯಿತು. ಅರಿಶಿನ ಹಚ್ಚಿದರು, ಬಟ್ಟೆ ಸುತ್ತಿ ಕೆಲಸಕ್ಕೆ ಬಂದರು. ವಾಸನೆ ಬಂದ ಮೇಲೆ ನಾವೇ ಜಬರದಸ್ತಿ ಮಾಡಿ ಇಎಸ್‌ಐ ಆಸ್ಪತ್ರೆಗೆ ಕಳಿಸಿದೆವು. ಆಸ್ಪತ್ರೆಯವರು ಚೆನ್ನಾಗಿ ನೋಡಿಕೊಂಡರು, ಒಂದು ಪೈಸೆ ಕೇಳಲಿಲ್ಲ. ಜೀವ ಉಳಿಯಿತು. ಎರಡು ಬೆರಳು ಹೋದವು. ಅವರು ಮತ್ತೆ ಮಷಿನ್‌ಗೆ ಬರಲಿಲ್ಲ.

ಆ ಆಪರೇಷನ್‌ಗೆ, ವಾರಗಟ್ಟಲೆ ವಾರ್ಡಿನಲ್ಲಿ ಇಟ್ಟುಕೊಂಡದ್ದಕ್ಕೆ ನಿಗಮಕ್ಕೆ ಎಷ್ಟು ಖರ್ಚಾಗಿರಬಹುದು? ಅದರಲ್ಲಿ ಎಷ್ಟು ವರ್ಷದ ಶುಗರ್ ಮಾತ್ರೆ ಬರುತ್ತಿತ್ತು? ಸಂಜೆ ಏಳು ಗಂಟೆಗೆ ಮನೆ ಹತ್ತಿರ "ಯಾಕಮ್ಮ ಈ ತಿಂಗಳು ಬರಲಿಲ್ಲ?" ಅಂತ ಕೇಳುವ ಡಾಕ್ಟರ್ ಒಬ್ಬರು ಇದ್ದಿದ್ದರೆ ಅವರ ಬೆರಳು ಉಳಿಯುತ್ತಿದ್ದವು ಅಂತ ನಾನು ನಂಬಿದ್ದೇನೆ. ದೊಡ್ಡ ಕಾಯಿಲೆಗೆ ವಿಮೆ ಇದೆ, ಅದು ಸಣ್ಣದಾಗಿದ್ದಾಗ ತೋರಿಸಲು ಜಾಗ ಇಲ್ಲ. ಈ ಲೆಕ್ಕ ನಮಗೂ ನಷ್ಟ, ನಿಮಗೂ ನಷ್ಟ.

ಇನ್ನು ಒಡಿಶಾ, ಜಾರ್ಖಂಡ್‌ನಿಂದ ಬಂದು ಹಾಸ್ಟೆಲ್‌ಗಳಲ್ಲಿರುವ ಹುಡುಗಿಯರ ಕಥೆ ಬೇರೆ. ಅವರ ಸಂಬಳದಲ್ಲೂ ಇಎಸ್‌ಐ ಕಟ್ ಆಗುತ್ತದೆ. ಡಿಸ್ಪೆನ್ಸರಿ ಅಂತ ಒಂದಿದೆ ಅನ್ನುವುದೇ ಎಷ್ಟೋ ಹುಡುಗಿಯರಿಗೆ ಗೊತ್ತಿಲ್ಲ. ಹತ್ತೊಂಬತ್ತು ಇಪ್ಪತ್ತರ ಮಕ್ಕಳು. ಹೊಟ್ಟೆನೋವು ಅಂದರೆ ವಾರ್ಡನ್ ಕೊಟ್ಟ ಮಾತ್ರೆ, ಅಷ್ಟೇ. ಅವರಿಗೆ ಹಾಸ್ಟೆಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಸ್ವಲ್ಪ ಹಿಂದಿ ಬರುವ ಒಬ್ಬ ಲೇಡಿ ಡಾಕ್ಟರ್ ಇದ್ದರೆ ಎಷ್ಟು ಧೈರ್ಯ ಬರುತ್ತದೆ ಅಂತ ನೀವು ಅವರನ್ನೇ ಕೇಳಿ.

ಹಾಗಾದರೆ ಏನು ಮಾಡಬೇಕು ಅಂತ ನನಗೆ ತೋಚಿದ್ದನ್ನು ಹೇಳುತ್ತೇನೆ. ಇಡೀ ರಾಜ್ಯದಲ್ಲಿ ಒಂದೇ ಸಲ ಮಾಡಿ ಅಂತ ಕೇಳುವುದಿಲ್ಲ. ಕಾರ್ಮಿಕರು ಜಾಸ್ತಿ ಇರುವ, ಡಿಸ್ಪೆನ್ಸರಿ ದೂರ ಇರುವ ಒಂದೆರಡು ಏರಿಯಾ ಆರಿಸಿ. ಅಲ್ಲಿ ಸಂಜೆ ಕ್ಲಿನಿಕ್ ನಡೆಸುವ ಎಂಬಿಬಿಎಸ್ ಡಾಕ್ಟರ್‌ಗಳನ್ನು ನೀವೇ ಕರೆದು ಮಾತಾಡಿ. ಸುಮ್ನೆ ವೆಬ್‌ಸೈಟಿನಲ್ಲಿ ಒಂದು ನೋಟಿಸ್ ಹಾಕಿ ಯಾರೂ ಅರ್ಜಿ ಹಾಕಲಿಲ್ಲ ಅಂತ ಫೈಲ್ ಮುಚ್ಚಬೇಡಿ. ಕುಟುಂಬಕ್ಕೆ ಇಷ್ಟು ಅಂತ ಡಾಕ್ಟರಿಗೆ ಕೊಡುವ ದುಡ್ಡು ಒಂದು ಕ್ಲಿನಿಕ್ ನಡೆಸುವವರಿಗೆ ಗಿಟ್ಟುವಂತಿರಲಿ. ಅದಕ್ಕಿಂತ ಮುಖ್ಯ, ಅದು ಪ್ರತಿ ತಿಂಗಳು ಒಂದು ತಾರೀಕಿಗೆ ಅವರ ಖಾತೆಗೆ ಬೀಳಲಿ. ನಮ್ಮ ವಂತಿಗೆಯನ್ನು ಮುಂದಿನ ತಿಂಗಳು 15ರೊಳಗೆ ಕಟ್ಟದಿದ್ದರೆ ನೀವು ಮಾಲೀಕರಿಂದ ಬಡ್ಡಿ ವಸೂಲಿ ಮಾಡುತ್ತೀರಲ್ಲ, ಡಾಕ್ಟರಿಗೆ ಕೊಡುವುದು ತಡವಾದರೆ ನೀವೂ ಬಡ್ಡಿ ಕೊಡಿ. ಆಗ ನಮ್ಮ ಡಾಕ್ಟರಮ್ಮನಂಥವರು ಧೈರ್ಯವಾಗಿ ಸೇರುತ್ತಾರೆ.

ಮಾತ್ರೆಯ ವ್ಯವಸ್ಥೆ ಇಲ್ಲದೆ ಡಾಕ್ಟರ್ ಮಾತ್ರ ಕೊಟ್ಟರೆ ಅರ್ಧ ಕೆಲಸ ಆದ ಹಾಗೆ. ಚೀಟಿ ಬರೆಸಿಕೊಂಡು ಮಾತ್ರೆಗೆ ಮತ್ತೆ ದೂರದ ಡಿಸ್ಪೆನ್ಸರಿಗೆ ಹೋಗಿ ಅಂದರೆ ಏನೂ ಪ್ರಯೋಜನ ಇಲ್ಲ. ದಿನಾ ಬೇಕಾಗುವ ಶುಗರ್, ಬಿಪಿ, ಥೈರಾಯ್ಡ್, ರಕ್ತಹೀನತೆಯ ಮಾತ್ರೆಗಳು ಹತ್ತಿರದ ಜನೌಷಧಿ ಅಂಗಡಿಯಲ್ಲಿ ಇಎಸ್‌ಐ ಚೀಟಿಗೆ ಸಿಗುವಂತಾಗಲಿ. ಪ್ಯಾನಲ್ ಡಾಕ್ಟರ್ ಕೊಟ್ಟ ಕಾಯಿಲೆ ಸರ್ಟಿಫಿಕೇಟ್ ಮತ್ತು ದೊಡ್ಡಾಸ್ಪತ್ರೆಗೆ ಬರೆದ ರೆಫರ್ ಲೆಟರ್ ಎರಡೂ ನಡೆಯಬೇಕು. ಇನ್ನು, ಯಾವ ಏರಿಯಾದಲ್ಲಿ ಯಾವ ಡಾಕ್ಟರ್ ಹತ್ತಿರ ಕಾರ್ಡ್ ನಡೆಯುತ್ತದೆ ಅನ್ನುವ ಪಟ್ಟಿ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಪ್ರತಿ ಫ್ಯಾಕ್ಟರಿಯ ನೋಟಿಸ್ ಬೋರ್ಡಿನಲ್ಲಿ ಇರಲಿ. ಹೆಸರು, ಬೀದಿ, ಹೊತ್ತು, ಫೋನ್ ನಂಬರ್. ಆಪ್‌ನಲ್ಲಿ ಇದೆ ಅಂತ ಹೇಳಬೇಡಿ. ನಮ್ಮ ಫ್ಯಾಕ್ಟರಿಯೊಳಗೆ ಫೋನನ್ನೇ ಬಿಡುವುದಿಲ್ಲ.

ಎಚ್‌ಆರ್‌ನಲ್ಲಿ ಕೆಲಸ ಮಾಡುವವರು ಈ ಪತ್ರ ಓದುತ್ತಿದ್ದರೆ ಅವರಿಗೂ ಒಂದು ಮಾತು. ಹೊಸಬರಿಗೆ ಐಪಿ ನಂಬರ್ ಮಾಡುವಾಗ ಒಂದು ನಿಮಿಷ ನಿಲ್ಲಿ. ಮನೆ ಎಲ್ಲಿ, ಮಕ್ಕಳು ಎಲ್ಲಿದ್ದಾರೆ, ಊರಲ್ಲಾ ಇಲ್ಲಾ ಅಂತ ಕೇಳಿ. ಡಿಸ್ಪೆನ್ಸರಿ ಅವರ ಮನೆಗೆ ಹತ್ತಿರದ್ದು ಹಾಕಿ. ಮನೆಯವರೆಲ್ಲರ ಹೆಸರು, ಫೋಟೊ ಆಗಲೇ ಸೇರಿಸಿ. ಮಗು ಆಸ್ಪತ್ರೆಯಲ್ಲಿದ್ದಾಗ ಹೆಸರು ಸೇರಿಸಲು ಓಡಾಡುವ ತಾಯಂದಿರನ್ನು ನಾವು ನೋಡಿದ್ದೇವೆ.

ಬೀದಿಯ ಡಾಕ್ಟರ್‌ಗಳೇ, ನಿಮ್ಮ ಮೇಲೆ ನಮಗೆ ಸರ್ಕಾರಕ್ಕಿಂತ ಜಾಸ್ತಿ ನಂಬಿಕೆ ಇದೆ. ನಾವು ನಿಮ್ಮನ್ನು ಪುಕ್ಕಟೆ ನೋಡಿ ಅಂತ ಕೇಳುತ್ತಿಲ್ಲ. ನಿಮಗೆ ಯಾವ ಷರತ್ತು ಇದ್ದರೆ ಪ್ಯಾನಲ್‌ಗೆ ಸೇರುತ್ತೀರಿ ಅಂತ ನಿಮ್ಮ ವೈದ್ಯರ ಸಂಘದ ಮೂಲಕ ಬರೆದು ಕೊಡಿ. ನೀವು ಬರೆದರೆ ಅಧಿಕಾರಿಗಳು ಓದುತ್ತಾರೆ.

ಸಚಿವರೇ, ಅಧಿಕಾರಿಗಳೇ, ಈ ಪತ್ರಕ್ಕೆ ಪರಿಶೀಲಿಸಲಾಗುವುದು ಅಂತ ಉತ್ತರ ಬೇಡ. ಮೂರು ಪ್ರಶ್ನೆಗೆ ಉತ್ತರ ಕೊಡಿ. ಕರ್ನಾಟಕದಲ್ಲಿ ಈಗ ಎಷ್ಟು ಪ್ಯಾನಲ್ ಡಾಕ್ಟರ್‌ಗಳಿದ್ದಾರೆ, ಯಾವ ಯಾವ ಏರಿಯಾದಲ್ಲಿ? ಬೆಂಗಳೂರಿನ ಯಾವ ಡಿಸ್ಪೆನ್ಸರಿ ಸಂಜೆ ಏಳರ ನಂತರವೂ ತೆಗೆದಿರುತ್ತದೆ? ಕಾರ್ಮಿಕರು ಇರುವ ಬಡಾವಣೆ ಕ್ಲಿನಿಕ್‌ಗಳನ್ನು ಸೇರಿಸಿಕೊಳ್ಳುವ ಕೆಲಸ ಯಾವ ತಿಂಗಳು, ಎಲ್ಲಿಂದ ಶುರುವಾಗುತ್ತದೆ? ಉತ್ತರವನ್ನು ಪತ್ರಿಕೆಗಳಲ್ಲಿ ಕನ್ನಡದಲ್ಲೇ ಕೊಡಿ. ನಾವು ಅದನ್ನು ಕತ್ತರಿಸಿ ಫ್ಯಾಕ್ಟರಿ ಗೇಟಿನ ಬಳಿ ಅಂಟಿಸಿಕೊಳ್ಳುತ್ತೇವೆ.

ಇಂತಿ,
ಬೆಂಗಳೂರಿನ ಒಬ್ಬ ಗಾರ್ಮೆಂಟ್ಸ್ ಕಾರ್ಮಿಕೆ